671 ಕಿಲೋಮೀಟರ್ ಪೆನ್ಸಿಲ್ ಗೀಟು

ನಾಲ್ಕು ಕೋಟಿ ಅರವತ್ತೈದು ಲಕ್ಷದ ಒಂದು. ಐರೋಪ್ಯ ಒಕ್ಕೂಟದಲ್ಲಿ ಇರೋಣವೋ, ಬಿಡೋಣವೋ ಎಂದು ಕೇಳಲು 2016ರ ಜೂನ್ 23ರಂದು ಬ್ರಿಟನ್ ಕರೆದ ಮತದಾರರ ಲೆಕ್ಕ ಇದು: 4,65,00,001. ಕೊನೆಯ ಆ ಒಂದನ್ನು ನೋಡಿ! ಮುಯ್ಯಿ ಕವರಿನ ಮೇಲೆ ಅಂಟಿಸಿದ ಒಂದು ರೂಪಾಯಿ ನಾಣ್ಯದ ಹಾಗೆ ಕೂತಿದೆ. ಯಾರೋ ಬೇಕೆಂದೇ ಸೇರಿಸಿದ ಹಾಗಿದೆ, ಆದರೆ ಚುನಾವಣಾ ಆಯೋಗದ ಅಧಿಕೃತ ಅಂಕಿಯೇ ಅದು.

ನಮ್ಮ ಕಣ್ಣಿಗೆ ಪಟ್ಟಿ ಚಿಕ್ಕದೇ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕವೊಂದರ ಮತದಾರರೇ ಐದು ಕೋಟಿ ದಾಟಿದ್ದರು. ಆದರೆ ನಮ್ಮಲ್ಲಿ 224 ಕ್ಷೇತ್ರ, ಸಾವಿರಾರು ಅಭ್ಯರ್ಥಿಗಳು, ಕಮಲ, ಕೈ, ತೆನೆ ಹೊತ್ತ ಮಹಿಳೆಯಿಂದ ಹಿಡಿದು ಆಟೋರಿಕ್ಷಾದವರೆಗೆ ಚಿಹ್ನೆಗಳ ಸಂತೆ. ಅಲ್ಲಿ ಇಡೀ ದೇಶಕ್ಕೆ ಒಂದೇ ಪ್ರಶ್ನೆ. ಇಂಗ್ಲಿಷಿನಲ್ಲಿ ಎಣಿಸಿದರೆ ಹದಿನಾರು ಪದ. ಕೆಳಗೆ ಎರಡು ಖಾಲಿ ಚೌಕ.

ಮತಗಟ್ಟೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚರ್ಚಿನ ಸಭಾಂಗಣವೋ ಶಾಲೆಯ ಕೋಣೆಯೋ ಇರುತ್ತದೆ. ಮರದ ಹಲಗೆಯ ಮರೆ, ಅದರೊಳಗೆ ಎದೆಮಟ್ಟದ ಕಟ್ಟೆ, ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ಮೋಟು ಪೆನ್ಸಿಲ್. ಬೆರಳಿಗೆ ಶಾಯಿ ಇಲ್ಲ, ಯಂತ್ರದ ಬೀಪ್ ಸದ್ದಿಲ್ಲ. ಬೇಕಾದ ಚೌಕದಲ್ಲಿ ಒಂದು ಇಂಟು ಮಾರ್ಕು ಹಾಕಿ, ಮಡಚಿ, ಪೆಟ್ಟಿಗೆಗೆ ಇಳಿಬಿಟ್ಟರೆ ಮುಗಿಯಿತು. ನಮ್ಮ ಶಾಲೆಗಳಲ್ಲಿ ಇಂಟು ಮಾರ್ಕು ಎಂದರೆ ತಪ್ಪು, ಅಲ್ಲಿ ಅದೇ ಒಪ್ಪಿಗೆ. ಆ ಸಲ ಒಂದು ಗುಮಾನಿಯೂ ಹಬ್ಬಿತ್ತು: ಪೆನ್ಸಿಲಿನಲ್ಲಿ ಬರೆದರೆ ಗುಪ್ತಚರರು ರಾತ್ರೋರಾತ್ರಿ ರಬ್ಬರಿನಿಂದ ಅಳಿಸಿಬಿಡುತ್ತಾರಂತೆ! ಹಾಗಾಗಿ ಎಷ್ಟೋ ಜನ ಜೇಬಿನಲ್ಲಿ ಸ್ವಂತ ಪೆನ್ನು ಇಟ್ಟುಕೊಂಡೇ ಹೋದರು.

ಈಗ ಒಂದು ಹುಚ್ಚು ಲೆಕ್ಕ. ಒಂದು ಇಂಟು ಎಂದರೆ ಎರಡು ಗೀಟು. ಒಂದೊಂದು ಗೀಟು ಒಂದು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅಂದು ಬಿದ್ದ ಸಿಂಧು ಮತಗಳು 3,35,51,983. ಅಷ್ಟೂ ಗೀಟುಗಳನ್ನು ತುದಿಗೆ ತುದಿ ಜೋಡಿಸಿದರೆ 671 ಕಿಲೋಮೀಟರ್. ಲಂಡನ್ನಿನಿಂದ ಹೊರಟ ಗೀಟು ಸ್ಕಾಟ್ಲೆಂಡಿನ ಎಡಿನ್‌ಬರೊ ಮುಟ್ಟುತ್ತದೆ. ಬೆಂಗಳೂರಿನಿಂದ ಹೊರಡಿಸಿದರೆ ಕಲಬುರಗಿ ದಾಟಿ ಬೀದರ್ ಜಿಲ್ಲೆಯೊಳಗೆ ಹೋಗಿ ನಿಲ್ಲುತ್ತದೆ. ಮೋಟು ಪೆನ್ಸಿಲಿನಲ್ಲಿ!

ಗೀಟು ಎಳೆಯುವ ಮೊದಲಿನ ಕಸರತ್ತು ಇದಕ್ಕಿಂತ ದೊಡ್ಡದು. ಸರ್ಕಾರ 'ಇರೋಣ' ಎನ್ನುವ ಒಂದು ಕಿರುಹೊತ್ತಿಗೆ ಅಚ್ಚುಹಾಕಿಸಿ 2.7 ಕೋಟಿ ಮನೆಗಳ ಬಾಗಿಲಿಗೆ ಕಳಿಸಿತು. ಖರ್ಚು 93 ಲಕ್ಷ ಪೌಂಡ್. ಭಾಗಿಸಿ ನೋಡಿದರೆ ಮನೆಗೆ 34 ಪೆನ್ಸ್. ಒಂದು ದೇಶದ ಮನಸ್ಸು ತಿರುಗಿಸಲು ಮನೆಯೊಂದಕ್ಕೆ ಮೂವತ್ತಮೂರು, ಮೂವತ್ತನಾಲ್ಕು ರೂಪಾಯಿ. ಇಷ್ಟು ಅಗ್ಗದ ಪ್ರಚಾರವನ್ನು ನಮ್ಮ ಗ್ರಾಮ ಪಂಚಾಯಿತಿ ಸದಸ್ಯರೂ ನಂಬಲಾರರು. ಎದುರು ಪಾಳಯದವರು ಒಂದು ಕೆಂಪು ಬಸ್ಸಿನ ಮೈಮೇಲೆ ಅಂಕಿಯೊಂದನ್ನು ಬರೆಸಿ ಊರೂರು ತಿರುಗಿಸಿದರು: ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ, ಅದನ್ನು ನಮ್ಮ ಆರೋಗ್ಯ ಸೇವೆಗೆ ಕೊಡೋಣ! ಸೆಕೆಂಡಿಗೆ 579 ಪೌಂಡ್, ಅಂದಿನ ದರದಲ್ಲಿ ಹತ್ತಿರ ಹತ್ತಿರ 58 ಸಾವಿರ ರೂಪಾಯಿ. ನೀವು ಒಂದು ಲೋಟ ಕಾಫಿಯನ್ನು ಐದು ನಿಮಿಷ ಹೀರಿ ಕೆಳಗಿಡುವಷ್ಟರಲ್ಲಿ ಒಂದೂಮುಕ್ಕಾಲು ಕೋಟಿ ರೂಪಾಯಿ ಸೋರಿಹೋಯಿತು. ಮೈ ಜುಮ್ಮೆನ್ನುತ್ತದೆ ತಾನೇ? ಅದೇ ಅಂಕಿಯನ್ನು ಆರೂವರೆ ಕೋಟಿ ಜನರಿಗೆ ಹಂಚಿ ನೋಡಿ, ತಲೆಗೆ ದಿನಕ್ಕೆ 77 ಪೆನ್ಸ್. ಲಂಡನ್ನಿನ ಹೋಟೆಲಿನಲ್ಲಿ ಅರ್ಧ ಕಪ್ ಕಾಫಿಯೂ ಬಾರದು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಹೇಳಿದ ಈ ಮೊತ್ತ ದಾರಿ ತಪ್ಪಿಸುವಂಥದ್ದು ಎಂದು ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಬಸ್ಸು ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು.

ಹೆಸರು ನೋಂದಾಯಿಸಲು ಜೂನ್ 7 ಕೊನೆಯ ದಿನ. ಅವತ್ತು ಒಂದೇ ದಿನ 5,25,000 ಅರ್ಜಿ. ಸೆಕೆಂಡಿಗೆ ಆರು! ಸರ್ಕಾರಿ ಜಾಲತಾಣ ಸುಸ್ತಾಗಿ ಕುಸಿದು ಬಿತ್ತು. ಗಡುವನ್ನು ಎರಡು ದಿನ ಮುಂದಕ್ಕೆ ತಳ್ಳಲು ಪಾರ್ಲಿಮೆಂಟೇ ನಿಯಮ ಬದಲಿಸಬೇಕಾಯಿತು.

ಈ ಪಟ್ಟಿಯಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂಬುದೇ ಒಂದು ಸೋಜಿಗ. ಬ್ರಿಟನ್ನಿನಲ್ಲಿ ನೆಲೆಸಿದ್ದ ಐರೋಪ್ಯ ಪ್ರಜೆಗಳು 30 ಲಕ್ಷಕ್ಕೂ ಹೆಚ್ಚು. ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರನ್ನು ಬಿಟ್ಟರೆ ಯಾರಿಗೂ ಓಟಿಲ್ಲ. ಕಾಮನ್‌ವೆಲ್ತ್ ದೇಶದವರಿಗೆ ಉಂಟು. ಅಂದರೆ ಇಪ್ಪತ್ತು ವರ್ಷದಿಂದ ಲಂಡನ್ನಿನಲ್ಲಿ ಬ್ರೆಡ್ ಸುಡುತ್ತಿದ್ದ ಫ್ರಾನ್ಸಿನವನು ಸುಮ್ಮನೆ ನೋಡುತ್ತ ಕೂರಬೇಕು. ಮೈಸೂರಿನಿಂದ ಕಂಪನಿ ಕೆಲಸದ ಮೇಲೆ ಬಂದು, ಚಳಿಗಾಲದ ಕೋಟಿಗೆ ಇನ್ನೂ ಹೊಂದಿಕೊಳ್ಳುತ್ತಿದ್ದ ಭಾರತೀಯ ಪಾಸ್‌ಪೋರ್ಟಿನ ಹುಡುಗಿ, ಹೆಸರು ನೋಂದಾಯಿಸಿದ್ದರೆ ಸಾಕು, ಯುರೋಪಿನ ಹಣೆಬರಹ ಬರೆಯಬಹುದು! ಹದಿನಾರು, ಹದಿನೇಳು ವಯಸ್ಸಿನ ಬ್ರಿಟಿಷ್ ಮಕ್ಕಳಿಗೂ ಓಟಿರಲಿಲ್ಲ. ಅವರು ಸುಮಾರು 15 ಲಕ್ಷ. ಈ 15 ಲಕ್ಷವನ್ನು ನೆನಪಿಡಿ, ಸ್ವಲ್ಪ ಹೊತ್ತಿನಲ್ಲೇ ಬೇಕಾಗುತ್ತದೆ.

ಮತದಾನದ ದಿನ ಲಂಡನ್ನಿನ ಸುತ್ತಮುತ್ತ ಆಕಾಶವೇ ತೂತಾಯಿತು. ಕೆಲವೆಡೆ ತಿಂಗಳಿಡೀ ಬೀಳುವ ಮಳೆ ಕೆಲವೇ ಗಂಟೆಗಳಲ್ಲಿ ಸುರಿಯಿತು. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಕೊಡೆ ಹಿಡಿದವರು ಬರುತ್ತಲೇ ಇದ್ದರು. ಮತ ಹಾಕಿ ಬಂದ 12,369 ಜನರನ್ನು ಲಾರ್ಡ್ ಆಶ್‌ಕ್ರಾಫ್ಟ್ ಸಮೀಕ್ಷೆ ಮಾತನಾಡಿಸಿತು. ಯಾವಾಗ ತೀರ್ಮಾನ ಮಾಡಿದಿರಿ ಎಂದು ಕೇಳಿದರೆ ಹತ್ತರಲ್ಲಿ ಒಬ್ಬರು ಹೇಳಿದ್ದು: ಮತ ಹಾಕಿದ ದಿನವೇ. ದೇಶದ ಲೆಕ್ಕಕ್ಕೆ ಹಿಗ್ಗಿಸಿದರೆ 33 ಲಕ್ಷ ಜನ! ತಿಂಗಳುಗಟ್ಟಲೆ ಟೀವಿ ಚರ್ಚೆ, ಕಿರುಹೊತ್ತಿಗೆ, ಬಸ್ಸು, ಊಟದ ಮೇಜಿನ ಜಗಳ ಎಲ್ಲ ಮುಗಿದ ಮೇಲೂ ಪೆನ್ಸಿಲ್ ಕೈಗೆ ಬರುವ ದಿನದವರೆಗೆ ಮನಸ್ಸು ತೂಗಾಡುತ್ತಿದ್ದವರು.

382 ಕಡೆ ಎಣಿಕೆ ನಡೆಯಿತು. ಬೆಳಗಾಗುವ ಹೊತ್ತಿಗೆ ಅಂಕಿಗಳು ಕುಣಿಯತೊಡಗಿದವು. ಸ್ಪೇನಿನ ತುದಿಯಲ್ಲಿ ಏಳು ಚದರ ಕಿಲೋಮೀಟರ್ ಕೂಡ ಇಲ್ಲದ ಜಿಬ್ರಾಲ್ಟರ್ ಬಂಡೆಯಲ್ಲಿ ಇರೋಣ ಎಂದವರು 19,322, ಬಿಡೋಣ ಎಂದವರು 823. ಇಪ್ಪತ್ನಾಲ್ಕು ಜನರಲ್ಲಿ ಒಬ್ಬ! ಲಿಂಕನ್‌ಶೈರ್‌ನ ಬಾಸ್ಟನ್ ಪಟ್ಟಣದಲ್ಲಿ ತಿರುಗುಮುರುಗು: ನಾಲ್ಕರಲ್ಲಿ ಮೂವರು ಬಿಡೋಣ. ವಾಟ್ಫರ್ಡ್‌ನಲ್ಲಿ 46,586 ಮತ ಎಣಿಸಿದ ಮೇಲೆ ಬಿಡುವವರು ಮುಂದಿದ್ದದ್ದು ಬರೀ 252. ಸ್ಕಾಟ್ಲೆಂಡಿನ ಮೊರೆಯಲ್ಲಿ ಇರುವವರ ಕಡೆ ಹೆಚ್ಚಾದದ್ದು 122; ಎರಡು ಬಸ್ಸಿನ ಸೀಟು, ಆಮೇಲೆ ಒಂದಿಷ್ಟು ಸ್ಟ್ಯಾಂಡಿಂಗ್. ಎಲ್ಲ ಕಡೆ ಸೇರಿ ತಿರಸ್ಕೃತವಾದ ಮತಗಳೇ 25,359. ಮಳೆಯಲ್ಲಿ ನೆನೆದು ಹೋಗಿ ಲೆಕ್ಕಕ್ಕೇ ಸಿಗದ ಇಷ್ಟು ಜನರನ್ನು ಒಟ್ಟುಮಾಡಿದ್ದರೆ ಇಡೀ ಮೊರೆಯಲ್ಲಿ ಗೆದ್ದ ಕಡೆಯ 24,114 ಮತಕ್ಕಿಂತ ಹೆಚ್ಚಾಗುತ್ತಿತ್ತು.

ಬ್ರಿಟನ್ನಿನ ನೆಲದಲ್ಲಿ 'ಇರೋಣ' ಎಂದು ಅತಿ ಜೋರಾಗಿ ಕೂಗಿದ ಜಾಗ ಯಾವುದು ಗೊತ್ತೇ? ಲಂಡನ್ನಿನ ಲ್ಯಾಂಬೆತ್. ಶೇಕಡಾ 78.6. ಐದರಲ್ಲಿ ನಾಲ್ವರು. ಅದಕ್ಕೆ ಏಳು ತಿಂಗಳ ಹಿಂದೆ, 2015ರ ನವೆಂಬರ್ 14ರಂದು, ಅದೇ ಲ್ಯಾಂಬೆತ್‌ನ ಥೇಮ್ಸ್ ದಂಡೆಯಲ್ಲಿ ನಮ್ಮ ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತ್ತು. ಇದಕ್ಕೂ ಅದಕ್ಕೂ ಸಂಬಂಧ ಹಚ್ಚುವ ಉತ್ಸಾಹ ನನಗಿಲ್ಲ, ಕನ್ನಡಿಗನಾಗಿ ಹೇಳದೆ ಇರಲೂ ಆಗುವುದಿಲ್ಲ.

ಒಟ್ಟು ಫಲಿತಾಂಶ: ಬಿಡೋಣ 1,74,10,742. ಇರೋಣ 1,61,41,241. ಅಂತರ 12,69,501. ಹದಿನಾರು, ಹದಿನೇಳರ ಮಕ್ಕಳು ಇದ್ದದ್ದೇ ಇದಕ್ಕಿಂತ ಹೆಚ್ಚು.

ಈ ಅಂತರ ದೊಡ್ಡದೋ ಚಿಕ್ಕದೋ? ಅಷ್ಟೂ ಮತದಾರರನ್ನು 52 ಸೀಟಿನ ನಮ್ಮ ಕೆಂಪು ಬಸ್ಸುಗಳಲ್ಲಿ ಕೂರಿಸೋಣ. 6,45,230 ಬಸ್ಸು ತುಂಬುತ್ತವೆ, ಇನ್ನೂ 23 ಜನ ಸ್ಟಾಪಿನಲ್ಲೇ ಉಳಿಯುತ್ತಾರೆ. ಇಷ್ಟು ಬಸ್ಸಿಗೆ ಹತ್ತಾರು ಕೆಎಸ್‌ಆರ್‌ಟಿಸಿ ಬೇಕು. ಹನ್ನೆರಡು ಮೀಟರಿನ ಬಸ್ಸುಗಳನ್ನು ಮೂತಿಗೆ ಬಾಲ ತಾಗಿಸಿ ನಿಲ್ಲಿಸಿದರೆ ಸಾಲಿನ ಉದ್ದ 7,700 ಕಿಲೋಮೀಟರ್. ವಿಮಾನದ ದಾರಿಯಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಇರುವುದೇ ಎಂಟು ಸಾವಿರ. ಈಗ ಯಾವುದಾದರೂ ಒಂದು ಬಸ್ಸು ಹತ್ತಿ ನೋಡಿ. ಸರಾಸರಿಯಲ್ಲಿ ಬಿಡೋಣ ಎನ್ನುವವರು 27, ಇರೋಣ ಎನ್ನುವವರು 25. ಅವರಲ್ಲಿ ಐದು ಜನ ಅವತ್ತು ಬೆಳಗ್ಗೆ ಎದ್ದ ಮೇಲೆ ಮನಸ್ಸು ಮಾಡಿದವರು. ಬಸ್ಸಿಗೆ ಒಬ್ಬ, ಒಬ್ಬನೇ ಒಬ್ಬ, ಕಿಟಕಿ ಪಕ್ಕದ ಸೀಟಿನಲ್ಲಿ ತೂಕಡಿಸುತ್ತಿದ್ದವನು ಎಚ್ಚರಾಗಿ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಬ್ರಿಟನ್ ಇವತ್ತೂ ಐರೋಪ್ಯ ಒಕ್ಕೂಟದಲ್ಲಿರುತ್ತಿತ್ತು.

ಪೆನ್ಸಿಲ್ ಲೆಕ್ಕಕ್ಕೆ ಮರಳಿ. ಗೆದ್ದವರಿಗೆ ಹೆಚ್ಚಾಗಿ ಬಿದ್ದ ಗೀಟುಗಳ ಉದ್ದ 25 ಕಿಲೋಮೀಟರ್ ಚಿಲ್ಲರೆ. ಇಂಗ್ಲೆಂಡಿನ ಡೋವರ್‌ಗೂ ಫ್ರಾನ್ಸ್ ದಡಕ್ಕೂ ನಡುವಿನ ಕಡಲು 33 ಕಿಲೋಮೀಟರ್. ಯುರೋಪನ್ನು ಬಿಡಿಸಿದ ಗೀಟು ಯುರೋಪಿನವರೆಗೆ ಎಟುಕುವುದೇ ಇಲ್ಲ, ನಡುನೀರಿನಲ್ಲೇ ಮುಗಿದುಹೋಗುತ್ತದೆ! ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಹೊರಟವನಿಗೆ ಯಲಹಂಕ ದಾಟಿ ಸಾದಹಳ್ಳಿ ಟೋಲ್ ಬರುವುದರೊಳಗೆ ಸೀಸ ಖಾಲಿ. ಇನ್ನು ಮನೆಯಲ್ಲೇ ಉಳಿದವರು? 1,29,22,659. ಗೆಲುವಿನ ಅಂತರದ ಹತ್ತು ಪಟ್ಟು. ಅವರು ಎಳೆಯದೆ ಬಿಟ್ಟ ಗೀಟು 258 ಕಿಲೋಮೀಟರ್, ಆ ಕಡಲನ್ನು ಏಳು ಸಲ ದಾಟಿ ಎಂಟನೆಯದಕ್ಕೂ ಮುಕ್ಕಾಲು ಪಾಲು ಬರುವಷ್ಟು.

ಹಳೆಯ ಕಡತದ ಒಂದು ಅಂಕಿಯೂ ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಇದೇ ಬ್ರಿಟನ್ 1975ರ ಜೂನ್ 5ರಂದು ಇದೇ ಥರದ ಪ್ರಶ್ನೆ ಕೇಳಿತ್ತು. ಆಗ ಇರೋಣ ಎಂದವರು 1,73,78,581. ನಲವತ್ತೊಂದು ವರ್ಷದ ಮೇಲೆ ಬಿಡೋಣ ಎಂದವರು 1,74,10,742. ವ್ಯತ್ಯಾಸ 32,161! ಚಿನ್ನಸ್ವಾಮಿ ಕ್ರೀಡಾಂಗಣ ತುಂಬುವಷ್ಟು ಜನ. 1975ರಲ್ಲಿ ಹದಿನೆಂಟು ತುಂಬಿ ಮೊದಲ ಓಟು ಹಾಕಿದ ಹುಡುಗ 2016ಕ್ಕೆ ಐವತ್ತೊಂಬತ್ತರ ಅಜ್ಜ. ಅವನಿಗಿಂತ ಕಿರಿಯರಾದ ಕೋಟಿಗಟ್ಟಲೆ ಜನರನ್ನು ನಡುವೆ ಯಾರೂ ಈ ಪ್ರಶ್ನೆ ಕೇಳಿರಲೇ ಇಲ್ಲ.

ಜೂನ್ 24ರ ಶುಕ್ರವಾರ ಅಂಕಿಗಳಿಗೆ ಸೊನ್ನೆಗಳು ಕೂಡತೊಡಗಿದವು. ರಾತ್ರಿ ಒಂದೂವರೆ ಡಾಲರ್ ಬಾಳುತ್ತಿದ್ದ ಪೌಂಡು ಬೆಳಗ್ಗೆ 1.32ಕ್ಕೆ ಜಾರಿತ್ತು, 31 ವರ್ಷಗಳಲ್ಲೇ ಕಡಿಮೆ. ಮುಂಬೈನ ಸೆನ್ಸೆಕ್ಸ್ ಕೂಡ 600 ಅಂಶಕ್ಕಿಂತ ಹೆಚ್ಚು ಕಳೆದುಕೊಂಡಿತು. ಜಗತ್ತಿನ ಷೇರುಪೇಟೆಗಳಿಂದ ಆ ಒಂದೇ ದಿನ ಆವಿಯಾದದ್ದು 2.08 ಲಕ್ಷ ಕೋಟಿ ಡಾಲರ್. ಆ ವರ್ಷ ಇಡೀ ಭಾರತ, ನೂರಾ ಮೂವತ್ತು ಕೋಟಿ ಜನ, ಹೊಲ ಉತ್ತು, ಮಗ್ಗ ನೇಯ್ದು, ಸಾಫ್ಟ್‌ವೇರ್ ಬರೆದು ಹುಟ್ಟಿಸಿದ್ದು ಸುಮಾರು 2.3 ಲಕ್ಷ ಕೋಟಿ ಡಾಲರ್. ನಮ್ಮ ವರ್ಷದ ದುಡಿಮೆಯ ಹತ್ತಿರ ಹತ್ತಿರ ಅಷ್ಟೂ ಮೊತ್ತ, ಕಾಗದದ ಮೇಲಾದರೂ, ಒಂದು ಹಗಲಿನಲ್ಲಿ ಮಾಯ! ಇದನ್ನು 12,69,501 ಹೆಚ್ಚುವರಿ ಇಂಟು ಮಾರ್ಕುಗಳಿಗೆ ಭಾಗಿಸಿದೆ, ಸುಮ್ಮನಿರಲಾರದೆ. ಇಂಟು ಒಂದಕ್ಕೆ 16 ಲಕ್ಷ ಡಾಲರ್ ಮೇಲೆ ಬಂತು. ರೂಪಾಯಿಯಲ್ಲಿ 11 ಕೋಟಿ. ದಾರದಲ್ಲಿ ಕಟ್ಟಿದ ಮೋಟು ಪೆನ್ಸಿಲಿನ ಒಂದೊಂದು ಸೆಂಟಿಮೀಟರಿಗೆ ಐದೂವರೆ ಕೋಟಿ!

ಸೋತವರು ಇನ್ನೊಂದು ಸಲ ಕೇಳಿ ಎಂದು ಅರ್ಜಿ ಹಿಡಿದರು. ಸಹಿ 41 ಲಕ್ಷ ದಾಟಿತು. ಮಜಾ ಎಂದರೆ ಆ ಅರ್ಜಿ ಶುರುಮಾಡಿದ್ದು ಬಿಡೋಣ ಪಾಳಯದವನು, ಮತದಾನಕ್ಕೂ ಮೊದಲೇ, ತಾನು ಸೋಲುವೆನೆಂಬ ಭಯದಲ್ಲಿ. ಇನ್ನೂ ಮಜಾ ಎಂದರೆ ವ್ಯಾಟಿಕನ್‌ನಿಂದ ಬಂದ ಸಹಿ 39,000. ಅಲ್ಲಿನ ಜನಸಂಖ್ಯೆ ಎಂಟುನೂರರ ಆಸುಪಾಸು. ಪೋಪ್ ಸೇರಿದಂತೆ ತಲಾ ಹತ್ತಿರ ಹತ್ತಿರ 49! ಅವನ್ನೆಲ್ಲ ಕಿತ್ತು ಹಾಕಿದರು. 2019ರ ಮಾರ್ಚ್‌ನಲ್ಲಿ ಬಂದ ಇನ್ನೊಂದು ಅರ್ಜಿಗೆ ನಿಮಿಷಕ್ಕೆ ಹತ್ತಿರ ಹತ್ತಿರ 2,000 ಸಹಿ. ಎರಡು ಸಲ ಕಣ್ಣು ಮಿಟುಕಿಸಿದರೆ ಮೂವತ್ತು ಜನ. ಜಾಲತಾಣ ಮತ್ತೆ ಮಕಾಡೆ. ಕೊನೆಗೆ ನಿಂತ ಅಂಕಿ 61,03,056.

ಪಾರ್ಲಿಮೆಂಟಿನ ಕಥೆ ಕೇಳಿ. ಒಕ್ಕೂಟದಿಂದ ಹೊರಬರಲು ಪ್ರಧಾನಿ ಥೆರೆಸಾ ಮೇ ತಂದ ಒಪ್ಪಂದಕ್ಕೆ 2019ರ ಜನವರಿ 15ರಂದು ವಿರುದ್ಧ ಬಿದ್ದ ಮತ 432, ಪರ 202. ಬ್ರಿಟಿಷ್ ಸರ್ಕಾರವೊಂದರ ಚರಿತ್ರೆಯಲ್ಲೇ ಇಷ್ಟು ದೊಡ್ಡ ಸೋಲಿಲ್ಲ. ಕಾಮನ್ಸ್ ಸಭಾಂಗಣದಲ್ಲಿ 650 ಸದಸ್ಯರಿಗೆ ಇರುವ ಆಸನ 427. ಅಂದರೆ ಬೇಡ ಎಂದವರನ್ನಷ್ಟೇ ಒಳಗೆ ಬಿಟ್ಟಿದ್ದರೂ ಐದು ಜನ ನಿಂತೇ ಇರಬೇಕಿತ್ತು! ಮಾರ್ಚ್ 27ರಂದು ಎಂಟು ಬೇರೆ ಬೇರೆ ದಾರಿಗಳನ್ನು ಮುಂದಿಟ್ಟು, ಯಾವುದಾದರೂ ಒಂದನ್ನು ಒಪ್ಪಿ ಎಂದರು. ಎಂಟಕ್ಕೂ ಬೇಡ. ಏಪ್ರಿಲ್ 1ರಂದು ನಾಲ್ಕು. ನಾಲ್ಕಕ್ಕೂ ಬೇಡ. ಏಪ್ರಿಲ್ 3ರಂದು ಒಂದು ವಿಷಯಕ್ಕೆ 310 ಪರ, 310 ವಿರುದ್ಧ. 26 ವರ್ಷಗಳಲ್ಲಿ ಮೊದಲ ಸಮಬಲ. ಅದೇ ರಾತ್ರಿ ಇನ್ನೊಂದು ಮಸೂದೆ 313ಕ್ಕೆ 312ರಲ್ಲಿ ಪಾಸು. 2004ರ ವಿಧಾನಸಭಾ ಚುನಾವಣೆಯ ನಮ್ಮ ಸಂತೇಮರಹಳ್ಳಿ ನೆನಪಾಗದೆ ಇರದು: 40,752ಕ್ಕೆ 40,751.

ಮತದಾರರಿಗೂ ಬಿಡುವಿಲ್ಲ. 2015ರ ಮೇಯಿಂದ 2019ರ ಡಿಸೆಂಬರ್‌ವರೆಗೆ, ನಾಲ್ಕು ವರ್ಷ ಏಳು ತಿಂಗಳಲ್ಲಿ, ದೇಶದ ಮಟ್ಟದಲ್ಲಿ ಐದು ಸಲ ಆ ಪೆನ್ಸಿಲ್ ಹಿಡಿಯಬೇಕಾಯಿತು. 2017ರಲ್ಲಿ ಚುನಾವಣೆ ಘೋಷಣೆಯಾದಾಗ ಬ್ರಿಸ್ಟಲ್ ನಗರದ ಮಹಿಳೆಯೊಬ್ಬರು 'ತಮಾಷೆ ಮಾಡ್ತಿದ್ದೀರಾ, ಇನ್ನೊಂದಾ?' ಎಂದು ಟೀವಿ ಮೈಕಿನ ಮುಂದೆ ಬಾಯಿಬಿಟ್ಟದ್ದು ಅಲ್ಲಿ ಗಾದೆಯಂತಾಯಿತು. ಐದನೆಯ ಸಲದ ವಿಚಿತ್ರ ಕೇಳಿ. ಒಕ್ಕೂಟದಲ್ಲೇ ಉಳಿಯೋಣ ಎಂದು ಹೊರಟ ಲಿಬರಲ್ ಡೆಮಾಕ್ರಾಟ್ ಪಕ್ಷಕ್ಕೆ 2017ಕ್ಕಿಂತ 13,24,558 ಮತ ಜಾಸ್ತಿ ಬಂತು. ದೇಶವನ್ನು ಯುರೋಪಿನಿಂದ ಬಿಡಿಸಿದ ಅಂತರಕ್ಕಿಂತ ದೊಡ್ಡ ಸಂಖ್ಯೆ! ಸೀಟು? 12 ಇದ್ದದ್ದು 11 ಆಯಿತು. ಪಕ್ಷದ ನಾಯಕಿ ಜೋ ಸ್ವಿನ್ಸನ್ ತಮ್ಮ ಕ್ಷೇತ್ರದಲ್ಲೇ 149 ಮತಗಳಿಂದ ಸೋತರು. ಕನ್ಸರ್ವೇಟಿವ್ ಪಕ್ಷಕ್ಕೆ ಹೆಚ್ಚಿಗೆ ಬಂದದ್ದು ಬರೀ 3.3 ಲಕ್ಷ ಮತ. ಸೀಟು 317ರಿಂದ 365ಕ್ಕೆ ಹಾರಿತು. ನಾನು ಎರಡು ಸಲ ಕೂಡಿ ಕಳೆದು ನೋಡಿದ್ದೇನೆ, ತಪ್ಪಿಲ್ಲ.

2020ರ ಜನವರಿ 31ರ ರಾತ್ರಿ 11 ಗಂಟೆಗೆ ಬ್ರಿಟನ್ ಹೊರಬಿತ್ತು. ಮತ ಹಾಕಿ 1,317 ದಿನ. ಮತದಾನದ ರಾತ್ರಿ ಹುಟ್ಟಿದ ಮಗು ಅಷ್ಟರಲ್ಲಿ ಅಂಗನವಾಡಿಗೆ ಹೋಗಿ ಹಾಡು ಕಲಿತು ಬಂದಿರುತ್ತದೆ. ಅದಾದ ಮೇಲೂ ವ್ಯಾಪಾರದ ಕರಾರಿಗೆ ಹನ್ನೊಂದು ತಿಂಗಳು. ಅದು ಬಂದಾಗ ಪುಟ 1,246. ಹದಿನಾರು ಪದದ ಪ್ರಶ್ನೆಗೆ ಪದಕ್ಕೆ 78 ಪುಟದಂತೆ ಉತ್ತರ! ಅದರೊಳಗೆಲ್ಲೋ ಕಂಪ್ಯೂಟರ್ ಸುರಕ್ಷತೆಯ ಭಾಗದಲ್ಲಿ, ಎಂದೋ ಕಣ್ಮರೆಯಾದ ನೆಟ್‌ಸ್ಕೇಪ್ ತಂತ್ರಾಂಶವನ್ನು ಆಧುನಿಕ ಎಂದು ಹೊಗಳಿದ ಸಾಲೂ ನುಸುಳಿತ್ತು. ಡಿಸೆಂಬರ್ 30ರಂದು ಕಾಮನ್ಸ್ ಸಭೆ ಅಷ್ಟೂ ಪುಟಗಳ ಕರಾರನ್ನು ಒಂದೇ ದಿನದಲ್ಲಿ 521ಕ್ಕೆ 73 ಮತಗಳಿಂದ ಒಪ್ಪಿ ಎದ್ದಿತು.

ಇಷ್ಟೆಲ್ಲ ದೊಡ್ಡ ಅಂಕಿಗಳ ಬೆವರಿಳಿಸಿದ್ದು ಮಾತ್ರ ಇನ್ನೊಂದು ಗೀಟು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿದ ಐರ್ಲೆಂಡ್ ಗಣರಾಜ್ಯಕ್ಕೂ ನಡುವಿನ ಗಡಿ, ಉದ್ದ 499 ಕಿಲೋಮೀಟರ್. ಎಲ್ಲ ಮತದಾರರ ಪೆನ್ಸಿಲ್ ಗೀಟಿನಿಂದ ಅದನ್ನು ಪೂರ್ತಿ ತಿದ್ದಿ, ಮಿಕ್ಕ 172 ಕಿಲೋಮೀಟರನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳಬಹುದು. ಆದರೆ ತಿದ್ದುವುದು ಎಲ್ಲಿ? ಆ ಗಡಿಯನ್ನು ದಾಟುವ ರಸ್ತೆಗಳು 208. ಐರೋಪ್ಯ ಒಕ್ಕೂಟದ ಇಡೀ ಪೂರ್ವ ಗಡಿಯಲ್ಲಿ ಇದ್ದ ದಾರಿಗಳೇ 137! ಒಂದೇ ಹೊಲದ ನಡುವೆ, ಒಂದೇ ಊರಿನ ಬೀದಿಯ ನಡುವೆ ಹಾಯುವ ಗಡಿ ಅದು. ಅಲ್ಲಿ ಚೆಕ್‌ಪೋಸ್ಟ್ ಹಾಕಲು ಯಾರಿಗೂ ಧೈರ್ಯವಿರಲಿಲ್ಲ. 1,317 ದಿನ ಜಗಳವಾಡಿ, ಇಬ್ಬರು ಪ್ರಧಾನಿಗಳು ಹೋಗಿ ಮೂರನೆಯವರು ಬಂದು, ಸರಕಿನ ತಪಾಸಣೆಯ ಗೀಟನ್ನು ಅವರು ಕೊನೆಗೆ ಎಳೆದದ್ದು ಬ್ರಿಟನ್ನಿಗೂ ಉತ್ತರ ಐರ್ಲೆಂಡಿಗೂ ನಡುವೆ, ಐರಿಶ್ ಕಡಲಿನ ನೀರಿನ ಮೇಲೆ.